ಒಮ್ಮೆ ಬಂದ ಕಾಲುಬಾಯಿ ಜ್ವರ ಮತ್ತೆ ಬಾರದೇ?



ಲಸಿಕೆ ಹಾಕುವವರು ಕೊಟ್ಟಿಗೆಯ ಬಾಗಿಲಿಗೆ ಬಂದಾಗ ಮಲೆನಾಡಿನ ಮನೆಗಳಲ್ಲಿ ಒಂದು ಮಾತು ಕೇಳಿಬರುವುದುಂಟು: "ನಮ್ಮ ದನಕ್ಕೆ ಹೋದ ವರ್ಷವೇ ಕಾಲುಬಾಯಿ ಜ್ವರ ಬಂದು ಹೋಗಿದೆ, ಇನ್ನು ಚುಚ್ಚುಮದ್ದು ಯಾಕೆ?" ಈ ಮಾತು ಪೂರ್ತಿ ಹುಸಿಯಲ್ಲ, ಆದರೆ ಇದನ್ನೇ ನಂಬಿ ಕುಳಿತವರು ಹಟ್ಟಿಯನ್ನೇ ಅಪಾಯಕ್ಕೆ ಒಡ್ಡುತ್ತಾರೆ.

ರೋಗದಿಂದ ಚೇತರಿಸಿಕೊಂಡ ರಾಸಿನ ರಕ್ತದಲ್ಲಿ ವೈರಾಣುವನ್ನು ತಡೆಯುವ ಪ್ರತಿಕಾಯಗಳು ಹುಟ್ಟಿಕೊಳ್ಳುತ್ತವೆ. ಅವು ಗುರುತು ಹಿಡಿಯುವುದು ವೈರಾಣುವಿನ ಹೊರಕವಚವನ್ನು. ಕವಚದ ರೂಪ ಬೇರೆಯಾದರೆ ಗುರುತು ತಪ್ಪುತ್ತದೆ. ಫ್ರಾನ್ಸಿನ ವಾಲೆ ಮತ್ತು ಕಾರೆ ಎಂಬ ವಿಜ್ಞಾನಿಗಳು 1922ರಲ್ಲಿ ಇದನ್ನು ತೋರಿಸಿಕೊಟ್ಟರು. ಒಂದು ಬಗೆಯ ವೈರಾಣುವಿನಿಂದ ಗುಣವಾದ ದನಗಳು ಅದೇ ಬಗೆಯನ್ನು ಎದುರಿಸಿ ನಿಂತವು. ಇನ್ನೊಂದು ಬಗೆ ತಗುಲಿದಾಗ ಮತ್ತೆ ಕಾಯಿಲೆ ಬಿದ್ದವು. ಆ ಎರಡು ಬಗೆಗಳಿಗೆ ಇಂದು 'ಓ' ಮತ್ತು 'ಎ' ಎಂದು ಹೆಸರು. ಮುಂದೆ ಜಗತ್ತಿನಲ್ಲಿ ಒಟ್ಟು 7 ಬಗೆಗಳು ಪತ್ತೆಯಾದವು. ಒಂದರ ರಕ್ಷಣೆ ಇನ್ನೊಂದಕ್ಕೆ ಒದಗದು.

ಒಂದೇ ಬಗೆಯೊಳಗೂ ವೈರಾಣು ನಿಂತ ನೀರಲ್ಲ. ತನ್ನ ಪ್ರತಿಗಳನ್ನು ಮಾಡಿಕೊಳ್ಳುವಾಗ ಅದು ತಪ್ಪುತ್ತಲೇ ಇರುತ್ತದೆ. ಆ ತಪ್ಪುಗಳಿಂದಲೇ ಹೊಸ ತಳಿಗಳು ಹುಟ್ಟುತ್ತವೆ. ಹೊಸ ತಳಿ ಹಳೆಯದಕ್ಕೆ ಹತ್ತಿರವಿದ್ದರೆ ಹಿಂದಿನ ಸೋಂಕು ನೆರವಾಗುತ್ತದೆ, ದೂರವಾದಷ್ಟೂ ನೆರವು ಕುಗ್ಗುತ್ತದೆ. ಬಂದು ಹೋದದ್ದು ಯಾವ ಬಗೆ, ಬರಲಿರುವುದು ಯಾವುದು ಎಂಬುದನ್ನು ಬಾಯಿಯ ಹುಣ್ಣು, ಗೊರಸಿನ ಗಾಯ ನೋಡಿ ಹೇಳಲಾಗದು, ಪ್ರಯೋಗಾಲಯವೇ ಹೇಳಬೇಕು.

ಇನ್ನೊಂದು ಸಂಗತಿಯಿದೆ. ಗುಣವಾದ ದನದ ಗಂಟಲಿನಲ್ಲಿ ವೈರಾಣು ತಿಂಗಳುಗಟ್ಟಲೆ ಉಳಿದಿರಬಹುದು. ಕಾಡಂಚಿನಲ್ಲಿ ಮೇಯುವ ಮಲೆನಾಡು ಗಿಡ್ಡಕ್ಕೆ ಮಾತ್ರವೇ ಈ ರೋಗವೆಂದು ತಿಳಿಯಬಾರದು. ಕಾಟಿ, ಕಡವೆ, ಕಾಡುಹಂದಿ ಮುಂತಾದ ಸೀಳುಗೊರಸಿನ ಪ್ರಾಣಿಗಳಿಗೂ ಇದು ತಗಲುತ್ತದೆ. ಹಟ್ಟಿಯ ಆರೋಗ್ಯವೂ ಕಾಡಿನ ಆರೋಗ್ಯವೂ ಒಂದಕ್ಕೊಂದು ಹೆಣೆದುಕೊಂಡಿವೆ.

2013ರಲ್ಲಿ ಕರ್ನಾಟಕದಲ್ಲಿ ಈ ರೋಗ ಹಬ್ಬಿದಾಗ ಸಾವಿರಾರು ರಾಸುಗಳು ಸತ್ತವು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ದನ, ಎಮ್ಮೆಗಳಿಗೆ 6 ತಿಂಗಳಿಗೊಮ್ಮೆ ಉಚಿತ ಲಸಿಕೆಯ ಏರ್ಪಾಡಾಯಿತು. ಭಾರತದಲ್ಲಿ ಬಳಕೆಗೆ ಬಂದ ತ್ರಿವಿಧ ಲಸಿಕೆ 'ಓ', 'ಎ', 'ಏಷ್ಯಾ-1' ಎಂಬ ಮೂರೂ ಬಗೆಗಳನ್ನು ಉದ್ದೇಶಿಸಿದ್ದು. ಒಮ್ಮೆ ಬಂದ ಜ್ವರ ಕಲಿಸುವುದು ಒಂದೇ ಬಗೆಯ ಪಾಠವನ್ನು. ಆದುದರಿಂದ ರೋಗ ಬಂದು ಗುಣವಾದ ದನವನ್ನೂ ಮುಂದಿನ ಸುತ್ತಿನ ಲಸಿಕೆಗೆ ತಪ್ಪದೆ ಕಟ್ಟಿರಿ. ಹೊಸದಾಗಿ ಕೊಂಡು ತಂದ ರಾಸನ್ನು ಕೆಲವು ವಾರ ಬೇರೆಯೇ ಇರಿಸಿರಿ. ಜೊಲ್ಲು ಸುರಿಸಿ ಕುಂಟುವ ದನ ಕಂಡರೆ ಮೇವಿಗೆ ಬಿಡದೆ ಪಶುವೈದ್ಯರಿಗೆ ಸುದ್ದಿ ಮುಟ್ಟಿಸಿರಿ.