ಅರ್ಜುನನ ಹತ್ತು ಹೆಸರು, ಗುಡುಗಿನ ಲೆಕ್ಕ

ಮಕ್ಕಳೇ, ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಸಿಡಿಲಿಗೆ ಒಂದು ಕೆಟ್ಟ ಅಭ್ಯಾಸವಿದೆ. ಶಾಲೆಗೆ ರಜೆ ಸಿಕ್ಕಿದಾಗಲೇ ಅದರ ಆರ್ಭಟ ಹೆಚ್ಚು. ಏಪ್ರಿಲ್-ಮೇ ತಿಂಗಳ ಬೇಸಿಗೆ ರಜೆಯಲ್ಲಿ ಒಂದು ಸುತ್ತು, ಅಕ್ಟೋಬರಿನ ದಸರಾ ರಜೆಯ ಆಸುಪಾಸಿನಲ್ಲಿ ಇನ್ನೊಂದು ಸುತ್ತು. ಅದೂ ಹೆಚ್ಚಾಗಿ ಮಧ್ಯಾಹ್ನ ಮೂರು ಗಂಟೆ ದಾಟಿದ ಮೇಲೆ, ಗದ್ದೆಯಲ್ಲಿ ನಿಮ್ಮ ಕ್ರಿಕೆಟ್ ರಂಗೇರುವ ಹೊತ್ತಿಗೆ ಸರಿಯಾಗಿ. ಆಷಾಢದಲ್ಲಿ ಹಗಲು ರಾತ್ರಿ ಎನ್ನದೆ ಮಳೆ ಸುರಿಯುತ್ತದಲ್ಲ, ಆಗ ಗುಡುಗು ಸಿಡಿಲು ಅಷ್ಟಿರುವುದಿಲ್ಲ. ಯಾಕಿರಬಹುದು?

ಪಡುವಣದ ಕಡಲು, ಮೂಡಣದ ಘಟ್ಟ ಎರಡೂ ಸೇರಿ ಮಾಡುವ ಕೆಲಸ ಇದು. ಬೆಳಗಿನಿಂದ ಬಿಸಿಲು ಕಾಯುತ್ತದೆ. ಕಡಲಿನಿಂದ ಬೀಸುವ ಗಾಳಿ ತೇವವನ್ನು ಹೊತ್ತು ತಂದು ಘಟ್ಟಕ್ಕೆ ಒಡ್ಡುತ್ತದೆ. ಬಿಸಿಯಾದ ತೇವದ ಗಾಳಿ ರಭಸದಿಂದ ಮೇಲೇರಿ ಮೋಡವಾಗುತ್ತದೆ. ಕೊಡಚಾದ್ರಿಯ ಎತ್ತರ 1,343 ಮೀಟರ್. ಅಂಥ ಹತ್ತು ಕೊಡಚಾದ್ರಿಗಳನ್ನು ಒಂದರ ಮೇಲೊಂದು ಇಟ್ಟರೆ ಎಷ್ಟಾಗುತ್ತದೋ, ಸಿಡಿಲಿನ ಮೋಡದ ನೆತ್ತಿ ಸುಮಾರು ಅಷ್ಟು ಎತ್ತರಕ್ಕೆ ಹೋಗುತ್ತದೆ. ಕೆಳಗೆ ನಾವು ಬೆವರು ಒರೆಸಿಕೊಳ್ಳುತ್ತಿರುವಾಗ ಮೇಲೆ ಮೋಡದೊಳಗೆ ಮಂಜುಗಡ್ಡೆ! ಹಗುರವಾದ ಮಂಜಿನ ಹರಳುಗಳು ಮೇಲಕ್ಕೆ ಹಾರುತ್ತವೆ, ತೂಕದ ಪುಟ್ಟ ಆಲಿಕಲ್ಲುಗಳು ಕೆಳಕ್ಕೆ ಜಾರುತ್ತವೆ. ದಾರಿಯಲ್ಲಿ ಒಂದಕ್ಕೊಂದು ತಾಗುತ್ತವೆ. ಹೀಗೆ ತಾಗಿ ತಾಗಿ ಮೋಡದ ಮೇಲ್ಭಾಗದಲ್ಲಿ ಧನ ವಿದ್ಯುತ್ತು, ಕೆಳಭಾಗದಲ್ಲಿ ಋಣ ವಿದ್ಯುತ್ತು ಶೇಖರವಾಗುತ್ತದೆ. ಗಾಳಿ ಸುಲಭಕ್ಕೆ ವಿದ್ಯುತ್ತನ್ನು ಹರಿಯಲು ಬಿಡುವುದಿಲ್ಲ. ಆದರೆ ತಡೆಯಲಾರದಷ್ಟು ಶೇಖರವಾದಾಗ ಗಾಳಿಯನ್ನೇ ಸೀಳಿಕೊಂಡು ಹರಿಯುತ್ತದೆ. ಆಷಾಢದ ಮೋಡಗಳಲ್ಲಿ ನೀರು ಬೇಕಾದಷ್ಟಿದ್ದರೂ ಮೇಲಕ್ಕೆ ನುಗ್ಗುವ ಗಾಳಿಯ ರಭಸ ಕಡಿಮೆ. ಅದಕ್ಕೇ ಅವು ಸುಮ್ಮನೆ ಸುರಿಯುತ್ತವೆ, ಗದರುವುದು ಅಪರೂಪ.

ಮಿಂಚು ಹಾದುಹೋದ ದಾರಿಯಲ್ಲಿ ಗಾಳಿ ಸುಮಾರು 30,000 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಸೂರ್ಯನ ಮೇಲ್ಮೈಯ ಬಿಸಿಯೇ ಸುಮಾರು 5,500 ಡಿಗ್ರಿ. ಒಮ್ಮೆಲೇ ಅಷ್ಟು ಕಾದ ಗಾಳಿ ಸಿಡಿದು ಹಿಗ್ಗಿದಾಗ ಬರುವ ಸದ್ದೇ ಗುಡುಗು. ಮಿಂಚಿನ ಬೆಳಕು ನಮ್ಮ ಕಣ್ಣಿಗೆ ಆ ಕ್ಷಣದಲ್ಲೇ ಮುಟ್ಟುತ್ತದೆ. ಸದ್ದು ಮಾತ್ರ ಸೆಕೆಂಡಿಗೆ 340 ಮೀಟರಿನಷ್ಟೇ ನಡೆಯುತ್ತದೆ, ಒಂದು ಕಿಲೋಮೀಟರಿಗೆ ಸುಮಾರು ಮೂರು ಸೆಕೆಂಡು.

ಇಲ್ಲಿ ಅಮ್ಮಮ್ಮನ ಸಹಾಯ ತೆಗೆದುಕೊಳ್ಳೋಣ. ಗುಡುಗು ಬಂದಾಗ ಅರ್ಜುನನ ಹತ್ತು ಹೆಸರು ಹೇಳಬೇಕು ಎಂದು ಹಿರಿಯರು ಹೇಳಿಕೊಟ್ಟಿರುತ್ತಾರೆ. ಅರ್ಜುನ, ಫಲ್ಗುಣ, ಜಿಷ್ಣು, ಕಿರೀಟಿ, ಶ್ವೇತವಾಹನ, ಬೀಭತ್ಸು, ವಿಜಯ, ಕೃಷ್ಣ, ಸವ್ಯಸಾಚಿ, ಧನಂಜಯ. ಬೃಹನ್ನಳೆಯೇ ಅರ್ಜುನ ಎಂದು ನಂಬದ ಉತ್ತರಕುಮಾರ ಕೇಳಿದ್ದು ಈ ಹೆಸರುಗಳನ್ನೇ, ಯಕ್ಷಗಾನದಲ್ಲಿ ನೋಡಿರುತ್ತೀರಿ. ಅವಸರ ಮಾಡದೆ, ಸೆಕೆಂಡಿಗೊಂದರಂತೆ ಹೇಳಿದರೆ ಹತ್ತು ಹೆಸರಿಗೆ ಹತ್ತು ಸೆಕೆಂಡು. ಮಿಂಚು ಕಂಡ ಕೂಡಲೇ ಶುರುಮಾಡಿ. ಧನಂಜಯ ಎನ್ನುವುದರೊಳಗೆ ಗುಡುಗು ಕೇಳಿತೋ, ಸಿಡಿಲು ನಿಮ್ಮಿಂದ ಮೂರೂವರೆ ಕಿಲೋಮೀಟರಿನ ಒಳಗೇ ಇದೆ. ಕುಂದಾಪುರ ಪೇಟೆಯಿಂದ ಕೋಟೇಶ್ವರಕ್ಕಿಂತಲೂ ಹತ್ತಿರ! ಮೂರು ಸಲ ಹೇಳಿದ ಮೇಲೆ ಕೇಳಿದರೆ ಸುಮಾರು ಹತ್ತು ಕಿಲೋಮೀಟರು.

ಹತ್ತು ಕಿಲೋಮೀಟರು ಅಂದರೆ ದೂರವಾಯಿತು, ಇನ್ನೊಂದು ಓವರ್ ಆಡಬಹುದು ಅಂದುಕೊಂಡಿರಾ? ಬೇಡ. ಸಿಡಿಲು ಮಳೆ ಸುರಿಯುವಲ್ಲಿಗೇ ಬೀಳಬೇಕೆಂದಿಲ್ಲ, ಮೋಡದ ಬದಿಯಿಂದ ಹೊರಟು ಹತ್ತು ಕಿಲೋಮೀಟರು ಆಚೆಯ ಒಣ ನೆಲಕ್ಕೂ ಬಡಿಯುತ್ತದೆ. ಗುಡುಗು ಕಿವಿಗೆ ಬಿತ್ತು ಅಂದರೆ ನೀವು ಅದರ ಕೈಗೆಟಕುವಷ್ಟು ಹತ್ತಿರ ಇದ್ದೀರಿ ಎಂದೇ ಲೆಕ್ಕ. ಹಾಗಾಗಿ ಮೊದಲು ಮನೆಯೊಳಗೆ, ಆಮೇಲೆ ಅರ್ಜುನ. "ಒಳ್ಗ್ ಬನಿ ಮಕ್ಳೆ" ಎಂದು ಕೂಗುವವರು ವಿಜ್ಞಾನವನ್ನೇ ಹೇಳುತ್ತಿದ್ದಾರೆ. ಅಂಗಳಕ್ಕೆ ಕತ್ತಿ ಎಸೆಯುವ ಇನ್ನೊಂದು ಪದ್ಧತಿಯೂ ಕೆಲವರ ಮನೆಯಲ್ಲಿದೆ, ಕಬ್ಬಿಣ ಸಿಡಿಲನ್ನು ಎಳೆದುಕೊಳ್ಳುತ್ತದೆ ಎಂಬ ನಂಬಿಕೆ. ನೆಲದ ಮೇಲೆ ಬಿದ್ದ ಕತ್ತಿಗೆ ಆ ಶಕ್ತಿ ಇಲ್ಲ. ಎಸೆಯಲು ಹೊರಗೆ ಹೋದವರಿಗೆ ಅಪಾಯ ಮಾತ್ರ ಇದೆ.

ಸಿಡಿಲು ನೋಡುವುದು ಎತ್ತರವನ್ನು, ಒಂಟಿಯಾಗಿ ನಿಂತದ್ದನ್ನು. ನಮ್ಮಲ್ಲಿ ಆ ಪೆಟ್ಟು ತಿನ್ನುವುದು ತೆಂಗಿನಮರ. ಕೆಲವೊಮ್ಮೆ ಅದರ ತಲೆಗೆ ಬೆಂಕಿಯೇ ಹತ್ತಿಕೊಳ್ಳುತ್ತದೆ. ಕೆಲವೊಮ್ಮೆ ಆ ದಿನ ಏನೂ ಆಗಿಲ್ಲದಂತೆ ಕಾಣುತ್ತದೆ, ದಿನ ಕಳೆದಂತೆ ಮಡಲುಗಳು ಒಂದೊಂದಾಗಿ ಜೋತುಬೀಳುತ್ತವೆ, ಸುಳಿ ಸಾಯುತ್ತದೆ, ಕೊನೆಗೆ ಬೋಳು ಕಂಬ ಉಳಿಯುತ್ತದೆ. ಸರಿಯಾಗಿ ಗಮನಿಸಿ, ಸಿಡಿಲು ಬಡಿದದ್ದು ಒಂದೇ ಮರಕ್ಕಾದರೂ ಪಕ್ಕದ ಒಂದೆರಡು ಮರಗಳೂ ಸೊರಗುವುದುಂಟು. ಮರದಿಂದ ಮರಕ್ಕೆ ವಿದ್ಯುತ್ತು ಹಾರುತ್ತದೆ, ಬುಡದಿಂದ ನೆಲದಲ್ಲೂ ಹರಡುತ್ತದೆ. ಮರದಡಿ ನಿಂತವರಿಗೂ ಆಗುವುದು ಇದೇ. ನೆಲದಲ್ಲಿ ಹರಡುವ ವಿದ್ಯುತ್ತು ಒಂದು ಕಾಲಿನಿಂದ ಹತ್ತಿ ಇನ್ನೊಂದರಿಂದ ಇಳಿಯುತ್ತದೆ. ಕಾಲುಗಳ ನಡುವೆ ಅಂತರ ಹೆಚ್ಚಿದ್ದಷ್ಟೂ ಪೆಟ್ಟು ಜೋರು. ಮರದಡಿ ನಿಂತ ದನಗಳು ಒಟ್ಟೊಟ್ಟಿಗೆ ಸಾಯುವುದು ಅದಕ್ಕೇ, ಅವುಗಳ ಮುಂಗಾಲಿಗೂ ಹಿಂಗಾಲಿಗೂ ಎಷ್ಟು ದೂರ ನೋಡಿ.

ಮನೆಯೊಳಗೆ ಅಂದರೆ ಒಳಗೇ. ಜಗಲಿಯಲ್ಲಿ ಕಬ್ಬಿಣದ ಗ್ರಿಲ್ ಹಿಡಿದುಕೊಂಡು ಮಳೆ ನೋಡುವುದಲ್ಲ. ವೈರಿನಲ್ಲಿ, ನೀರಿನ ಪೈಪಿನಲ್ಲಿ ಸಿಡಿಲಿನ ವಿದ್ಯುತ್ತು ಒಳಕ್ಕೆ ಬರಬಹುದು, ಹಾಗಾಗಿ ಆಗ ಸ್ನಾನ, ಪಾತ್ರೆ ತೊಳೆಯುವುದು ಬೇಡ (ಅಮ್ಮನಿಗೆ ಸಹಾಯ ತಪ್ಪಿಸಿಕೊಳ್ಳಲು ಒಳ್ಳೆಯ ನೆಪ, ಮಿಂಚು ಇರುವವರೆಗೆ ಮಾತ್ರ). ಮೊಬೈಲು ಸಿಡಿಲನ್ನು ಕರೆಯುವುದಿಲ್ಲ. ಚಾರ್ಜಿಗೆ ಹಾಕಿದ ಮೊಬೈಲನ್ನು ಮುಟ್ಟಬೇಡಿ, ಅಷ್ಟೇ. ಮರವಂತೆಯ ಕಡಲತೀರದಲ್ಲೋ ಗಂಗೊಳ್ಳಿಯ ಹೊಳೆಯ ದೋಣಿಯಲ್ಲೋ ಇದ್ದರೆ ಅಲ್ಲಿ ಎಲ್ಲಕ್ಕಿಂತ ಎತ್ತರ ನೀವೇ. ಬೇಗ ದಡಕ್ಕೆ ಬಂದು ಮನೆ ಸೇರಿ, ಇಲ್ಲವೇ ಗಾಜು ಏರಿಸಿದ ಕಾರು, ಬಸ್ಸು ಹತ್ತಿ. ಅವುಗಳ ಲೋಹದ ಮೈ ವಿದ್ಯುತ್ತನ್ನು ಹೊರಗಿನಿಂದಲೇ ನೆಲಕ್ಕೆ ದಾಟಿಸುತ್ತದೆ. ರಿಕ್ಷಾಕ್ಕೆ ಅಂಥ ಮೈ ಇಲ್ಲ. ಮನೆಯ ದೊಡ್ಡವರ ಫೋನಿನಲ್ಲಿ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ 'ದಾಮಿನಿ' ಆ್ಯಪ್ ಹಾಕಿಸಿ, ಹತ್ತಿರದಲ್ಲಿ ಮಿಂಚಿದರೆ ಅದು ತಿಳಿಸುತ್ತದೆ.

ಸಿಡಿಲು ಬಡಿದವರನ್ನು ಮುಟ್ಟಿದರೆ ಶಾಕ್ ಹೊಡೆಯುತ್ತದೆ ಎಂದು ಜನ ದೂರ ನಿಲ್ಲುತ್ತಾರೆ. ಅವರ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ದೊಡ್ಡವರನ್ನು ಕೂಗಿ, 108ಕ್ಕೆ ಫೋನ್ ಮಾಡಿ. ಉಸಿರು ನಿಂತಿದ್ದರೆ, ಗೊತ್ತಿದ್ದವರು ತಡಮಾಡದೆ ಎದೆ ಒತ್ತಿ ಮತ್ತೆ ಉಸಿರಾಡುವಂತೆ ಮಾಡಿದರೆ ಬದುಕುಳಿಯಬಹುದು.

ಮಳೆ ನಿಂತ ಕೂಡಲೇ ಬ್ಯಾಟು ಹಿಡಿದು ಓಡಬೇಡಿ. ಮೋಡದ ಬಾಲದಲ್ಲೂ ಸಿಡಿಲು ಇರುತ್ತದೆ. ಕೊನೆಯ ಗುಡುಗು ಕೇಳಿದ ಮೇಲೆ ಅರ್ಧ ಗಂಟೆ ಕಾಯಬೇಕು, ನಡುವೆ ಇನ್ನೊಂದು ಗುಡುಗಿದರೆ ಲೆಕ್ಕ ಮತ್ತೆ ಮೊದಲಿನಿಂದ. ಔಟೋ ನಾಟೌಟೋ ಎಂಬ ಜಗಳವನ್ನು ಅಷ್ಟರಲ್ಲಿ ಮುಗಿಸಿಕೊಳ್ಳಬಹುದು.