ನಾರುಹುಳು ಹೋಯಿತು, ಹೊಟ್ಟೆಹುಳು ಹೋಗಲಿಲ್ಲ

(ಸಂಘದ ರಜತ ಮಹೋತ್ಸವದಲ್ಲಿ ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭದಿನ ಸಾಲ, ಠೇವು, ಗೊಬ್ಬರದ ವಿಷಯ ಮಾತನಾಡುವವರು ವೇದಿಕೆಯ ಮೇಲೆ ಬಹಳ ಮಂದಿ ಇದ್ದಾರೆ. ನಾವು ಮಾತನಾಡಬೇಕೆಂದಿರುವುದು ಹುಳುವಿನ ವಿಷಯ. ಹಬ್ಬದ ದಿನ ಇದೆಂಥಾ ಮಾತ್ರೀ ಎಂದು ನೀವು ಅನ್ನಬಹುದು. ಊಟಕ್ಕೆ ಇನ್ನೂ ಹೊತ್ತಿದೆ, ಅದಕ್ಕೇ ಈಗಲೇ ಹೇಳಿಬಿಡುತ್ತೇವೆ.

ಹಿರಿಯರು ನಾರುಹುಣ್ಣಿನ ಹೆಸರು ಕೇಳಿದ್ದೀರಿ. ಇಂದಿನ ಹುಡುಗರಿಗೆ ಆ ಹೆಸರೇ ಗೊತ್ತಿಲ್ಲ; ಗೊತ್ತಿಲ್ಲದಿರುವುದೇ ದೊಡ್ಡ ಸುದ್ದಿ. ಕಾಲಿನ ಮೇಲೆ ಮೊದಲು ಒಂದು ಬೊಬ್ಬೆ ಏಳುತ್ತಿತ್ತು. ಕೆಂಡ ಇಟ್ಟಂಥ ಉರಿ. ಬೊಬ್ಬೆ ಒಡೆದರೆ ಒಳಗಿಂದ ಬಿಳಿ ನಾರಿನಂಥ ಹುಳು ತಲೆ ಹಾಕುತ್ತಿತ್ತು. ಎರಡು-ಮೂರು ಅಡಿ ಉದ್ದ. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಒಂದೆರಡು ಬೆರಳಷ್ಟು ಎಳೆಯಬೇಕು. ನಡುವೆ ಹರಿಯಿತೋ, ಕಾಲು ಬಾತು ಕೀವು ತುಂಬಿ ವಾರಗಟ್ಟಲೆ ಹಾಸಿಗೆ. ದುಡಿಯುವವನು ಬಿತ್ತಿಗೆಯ ಹೊತ್ತಿಗೆ ಮಲಗಿದರೆ ಆ ವರ್ಷದ ಹೊಲ ಬೀಳು.

ಇದು ಬರುತ್ತಿದ್ದುದು ಪಾವಟಿಗೆ ಬಾವಿಯಿಂದ, ಕೆರೆಯಿಂದ. ಉರಿ ತಾಳಲಾರದೆ ಮನುಷ್ಯ ಕಾಲನ್ನು ನೀರಿಗಿಳಿಸಿದೊಡನೆ ಹುಳು ಲಕ್ಷಗಟ್ಟಲೆ ಮರಿ ಬಿಡುತ್ತಿತ್ತು. ಆ ಮರಿಗಳನ್ನು ನೀರಿನೊಳಗಿನ ಸೈಕ್ಲಾಪ್ಸ್ ಎಂಬ ಚಿಗಟದಷ್ಟು ಸಣ್ಣ ಜೀವಿ ತಿನ್ನುತ್ತಿತ್ತು. ಅದೇ ನೀರನ್ನು ಸೋಸದೆ ಕುಡಿದವನ ಮೈಯಲ್ಲಿ ಮರಿ ಬೆಳೆದು, ಸುಮಾರು ಒಂದು ವರ್ಷಕ್ಕೆ ಮತ್ತೆ ಕಾಲಿನಿಂದ ಹೊರಗೆ.

ಇದಕ್ಕೆ ಆಗ ಔಷಧ ಇರಲಿಲ್ಲ, ಈಗಲೂ ಇಲ್ಲ. ಲಸಿಕೆಯೂ ಇಲ್ಲ. ನಮ್ಮ ದೇಶದಲ್ಲಿ ನಿರ್ಮೂಲನ ಕಾರ್ಯಕ್ರಮ 1983-84ರಲ್ಲಿ ಆರಂಭವಾದಾಗ ಏಳು ರಾಜ್ಯಗಳಲ್ಲಿ ಸುಮಾರು 40 ಸಾವಿರ ರೋಗಿಗಳಿದ್ದರು. ಆ ಏಳರಲ್ಲಿ ನಮ್ಮ ಕರ್ನಾಟಕವೂ ಒಂದು. ಆಗ ಮಾಡಿದ್ದೇನು? ಪಾವಟಿಗೆ ಮುಚ್ಚಿಸಿ ಮೇಲಿಂದ ಸೇದುವ ಬಾವಿ ಮಾಡಿಸಿದರು. ಕೊಳವೆಬಾವಿ ಕೊರೆಸಿದರು. ನೀರಿಗೆ ಟೆಮಿಫಾಸ್ ಎಂಬ ಔಷಧ ಹಾಕಿ ಸೈಕ್ಲಾಪ್ಸ್ ಕೊಂದರು. ಎಲ್ಲಕ್ಕಿಂತ ಹೆಚ್ಚಾಗಿ, ಹೆಣ್ಣುಮಕ್ಕಳು ಕೊಡದ ಬಾಯಿಗೆ ಅರಿವೆ ಕಟ್ಟಿ ನೀರು ಸೋಸಿದರು. 1996ರ ಜುಲೈದಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ದೇಶದ ಕೊನೆಯ ರೋಗಿ ಕಂಡುಬಂದದ್ದು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತ ನಾರುಹುಣ್ಣಿನಿಂದ ಮುಕ್ತವೆಂದು ಪ್ರಮಾಣಪತ್ರ ಕೊಟ್ಟಿತು. ಜಗತ್ತಿನಲ್ಲಿ 1986ರ ಸುಮಾರಿಗೆ 35 ಲಕ್ಷ ಜನಕ್ಕಿದ್ದ ರೋಗ 2024ರಲ್ಲಿ ಹದಿನೈದೇ ಜನಕ್ಕೆ ಬಂದಿತ್ತು. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರು ತಮಗಿಂತ ಮೊದಲು ಕೊನೆಯ ನಾರುಹುಳು ಸಾಯಬೇಕೆಂದು ಆಸೆಪಟ್ಟಿದ್ದರು. 2024ರ ಡಿಸೆಂಬರಿನಲ್ಲಿ ಅವರೇ ತೀರಿಹೋದರು. ಹುಳು ಆಫ್ರಿಕದ ನಾಯಿಗಳ ಮೈಯಲ್ಲಿ ಇನ್ನೂ ಉಳಿದಿದೆ.

ಈಗ ನಮ್ಮ ಮಾತಿಗೆ ಬರೋಣ. ಗುಳಿಗೆ ಇಲ್ಲದ ಹುಳು ಹೋಯಿತು. ಗುಳಿಗೆ ಇರುವ ಹುಳು ಹೋಗಲಿಲ್ಲ! ದುಂಡುಹುಳು, ಚಾಟಿಹುಳು, ಕೊಕ್ಕೆಹುಳು, ಈ ಮೂರೂ ಸೇರಿ ಜಗತ್ತಿನ ಸುಮಾರು 150 ಕೋಟಿ ಜನರ ಹೊಟ್ಟೆಯಲ್ಲಿವೆ. ನಮ್ಮ ಭಾಗಕ್ಕೆ ಹೆಚ್ಚು ಚಿಂತೆ ಕೊಕ್ಕೆಹುಳುವಿನದು. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ, ನಿಪ್ಪಾಣಿ ಎಲ್ಲ ಕಡೆ ಈಗ ಕಬ್ಬೇ ಕಬ್ಬು. ತೇವ, ನೆರಳು, ಬಯಲಕಡೆಗೆ ಮರೆ. ಈ ಹುಳುವಿಗೆ ಇನ್ನೇನು ಬೇಕು? ಮಲದಲ್ಲಿನ ತತ್ತಿ ಮಣ್ಣಿನಲ್ಲಿ ಒಡೆದು ವಾರದೊಳಗೆ ಮರಿ ತಯಾರಾಗುತ್ತದೆ. ಬರಿಗಾಲಲ್ಲಿ ನಡೆದವರ ಚರ್ಮ ಕೊರೆದು, ರಕ್ತದ ಜೊತೆ ಪುಪ್ಪುಸಕ್ಕೆ ಹೋಗಿ, ಗಂಟಲಿಗೆ ಏರಿ, ಅಲ್ಲಿಂದ ಕರುಳಿಗೆ ಇಳಿದು ಕಚ್ಚಿಕೊಳ್ಳುತ್ತದೆ. ಒಂದು ಹುಳು ಕುಡಿಯುವುದು ಬಹಳ ಕಡಿಮೆ. ಆದರೆ ನೂರಾರು ಸೇರಿದರೆ ಸಾವಕಾರನ ಬಡ್ಡಿಯ ಹಾಗೆ: ದಿನಾ ಸ್ವಲ್ಪ, ಲೆಕ್ಕಕ್ಕೆ ಸಿಗದ ಹಾಗೆ. ಕೂಸು ಬಿಳುಚಿಕೊಳ್ಳುತ್ತದೆ, ಮಣ್ಣು ತಿನ್ನುತ್ತದೆ, ಸಾಲಿಯಲ್ಲಿ ತೂಕಡಿಸುತ್ತದೆ. ಮಾಸ್ತರರು ದಡ್ಡ ಅನ್ನುತ್ತಾರೆ. ಬಸುರಿಯಾದರೆ ಹೆರಿಗೆಯ ಹೊತ್ತಿಗೆ ಮೈಯಲ್ಲಿ ರಕ್ತವೇ ಇರುವುದಿಲ್ಲ.

2015ರಿಂದ ಫೆಬ್ರುವರಿ 10ನೇ ತಾರೀಖು ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ. ಅಲ್ಬೆಂಡಜೋಲ್ ಗುಳಿಗೆ ಸಾಲಿ, ಅಂಗನವಾಡಿಯಲ್ಲಿ ಪುಕ್ಕಟೆ. ಒಂದರಿಂದ ಎರಡು ವರ್ಷದ ಕೂಸಿಗೆ ಅರ್ಧ, ಪುಡಿ ಮಾಡಿ ಕೊಡಬೇಕು. ಮುಂದೆ ಹತ್ತೊಂಬತ್ತರವರೆಗೆ ಒಂದು; ಮೂರು ವರ್ಷದೊಳಗಿನ ಕೂಸಿಗೆ ಅದನ್ನೂ ಪುಡಿ ಮಾಡಿ ಕೊಡಬೇಕು, ದೊಡ್ಡ ಮಕ್ಕಳು ಚೆನ್ನಾಗಿ ಅಗಿದು ತಿನ್ನಬೇಕು. ಜಡ್ಡಾದ ಮಕ್ಕಳಿಗೆ ಅಂದು ಬೇಡ. ಹುಳು ಬಹಳ ಇದ್ದ ಮಗುವಿಗೆ ಸ್ವಲ್ಪ ಹೊಟ್ಟೆನೋವು, ವಾಕರಿಕೆ ಬಂದೀತು, ಅಂಜಬಾರದು. ಇದು ಒಳ್ಳೆಯ ಕಾರ್ಯಕ್ರಮವೇ. ಆದರೆ “ಗುಳಿಗಿ ತಿನಿಸಿದ್ವಿ, ಆತು ಬಿಡ್ರಿ” ಅನ್ನುತ್ತೇವಲ್ಲ, ಅಲ್ಲೇ ತಪ್ಪು. ಗುಳಿಗೆ ಹೊಟ್ಟೆಯಲ್ಲಿದ್ದುದನ್ನು ಕೊಲ್ಲುತ್ತದೆ, ಹೊಲದಲ್ಲಿದ್ದುದನ್ನಲ್ಲ. ಕೆಲವೇ ತಿಂಗಳಲ್ಲಿ ಮತ್ತೆ ಅದೇ ಕಾಲಿಗೆ ಅದೇ ಮಣ್ಣು. ದಕ್ಷಿಣ ಕೊರಿಯಾದಲ್ಲಿ 1971ರಲ್ಲಿ ನೂರಕ್ಕೆ 84 ಜನರಲ್ಲಿ ಹೊಟ್ಟೆಹುಳುವಿನ ತತ್ತಿ ಸಿಕ್ಕಿತ್ತು. 1997ರ ಹೊತ್ತಿಗೆ ನೂರಕ್ಕೆ ಮೂರೂ ಇರಲಿಲ್ಲ. ವರ್ಷಕ್ಕೆ ಎರಡು ಸಲ ಸಾಲಿ ಮಕ್ಕಳ ಮಲ ಪರೀಕ್ಷೆ ಮಾಡಿ ಔಷಧ ಕೊಟ್ಟರು. ಜೊತೆಗೆ ಹಸಿ ಮಲವನ್ನು ಹೊಲಕ್ಕೆ ಗೊಬ್ಬರವಾಗಿ ಹಾಕುವುದೂ ನಿಂತಿತು.

ನಮ್ಮಲ್ಲಿ ಸರಕಾರದ ರೊಕ್ಕದಿಂದ ಸಂಡಾಸ ಕಟ್ಟಿಸಿ ಅದರೊಳಗೆ ಕುಳ್ಳು, ಕಟ್ಟಿಗೆ ಒಟ್ಟಿ ಕದ ಹಾಕಿದವರಿದ್ದಾರೆ. ಹೆಸರು ಹೇಳುವುದಿಲ್ಲ, ಮುಂದಿನ ಸಾಲಿನಲ್ಲೇ ಕೂತಿರಬಹುದು. 2019ರ ಆಗಸ್ಟಿನಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ಮನೆಯೊಳಗೆ ಬಂದಾಗ ಬಯಲಿನ ಹೊಲಸು ಯಾರ ಅಂಗಳಕ್ಕೆ ಬಂತೆಂದು ನೆನಪಿಸಿಕೊಳ್ಳಿರಿ. ಒಬ್ಬರ ಮನೆಯಲ್ಲಿ ಸಂಡಾಸ ಇದ್ದು ಹತ್ತು ಮನೆಯವರು ಬಯಲಿಗೆ ಹೋದರೆ ಉಪಯೋಗವಿಲ್ಲ. ಸಹಕಾರಿ ಸಂಘದವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ.

ಕೊನೆಯದಾಗಿ ಆಡಳಿತ ಮಂಡಳಿಯಲ್ಲಿ ಒಂದು ವಿನಂತಿ. ಫೆಬ್ರುವರಿ ಎಂದರೆ ಕಬ್ಬು ಕಡಿಯುವ ಹಂಗಾಮು. ಬೀಡ ಕಡೆಯಿಂದ, ವಿಜಯಪುರದ ಕಡೆಯಿಂದ ಬಂದ ಗ್ಯಾಂಗಿನವರು ನಮ್ಮ ಹೊಲದ ಬದುವಿನಲ್ಲೇ ಜೋಪಡಿ ಹಾಕಿರುತ್ತಾರೆ. ಅವರ ಮಕ್ಕಳು ಬರಿಗಾಲಲ್ಲಿ ನಮ್ಮ ಕಬ್ಬಿನೊಳಗೇ ಇರುತ್ತವೆ. ಅವು ನಮ್ಮ ಸಾಲಿಯ ಹಾಜರಿಯಲ್ಲಿಲ್ಲ, ಊರಲ್ಲಿದ್ದರೂ ಅಲ್ಲಿನ ಸಾಲಿಗೆ ಗೈರು. ಗುಳಿಗೆ ಯಾರು ಕೊಡಬೇಕು? ಯಾರ ಹೊಲದಲ್ಲಿ ಗ್ಯಾಂಗ್ ಇಳಿದಿದೆ ಎಂಬುದು ಸಂಘಕ್ಕೆ ಬರುವ ಸದಸ್ಯರಿಗೆಲ್ಲ ಗೊತ್ತಿರುತ್ತದೆ. ಕಾರ್ಯದರ್ಶಿಗಳು ಜನವರಿ ಕೊನೆಯಲ್ಲಿ ಒಂದು ಪಟ್ಟಿ ಬರೆದು ಆಶಾ ಕಾರ್ಯಕರ್ತೆಯರ ಕೈಗೆ ಕೊಡಲಿ. ಹೊಲದ ಧಣಿ ಗ್ಯಾಂಗಿಗೆ ಒಂದು ತಾತ್ಕಾಲಿಕ ಗುಂಡಿ ಸಂಡಾಸ ತೋಡಿಸಿ ಸುತ್ತ ತಟ್ಟಿ ಕಟ್ಟಿಸಲಿ, ಮಕ್ಕಳಿಗೆ ಚಪ್ಪಲಿ ಕೊಡಿಸಲಿ. ಗ್ಯಾಂಗಿನವರು ಹೊತ್ತು ಹುಟ್ಟುವ ಮೊದಲೇ ಫಡಕ್ಕೆ ಇಳಿಯುತ್ತಾರೆ, ಆದ್ದರಿಂದ ಗುಳಿಗೆ ಕೊಡುವವರು ಸಂಜೆ ಒಲೆ ಹೊತ್ತಿಸುವ ಹೊತ್ತಿಗೆ ಹೋದರೆ ತಾಯಂದಿರೂ ಸಿಗುತ್ತಾರೆ, ಮಕ್ಕಳೂ ಸಿಗುತ್ತವೆ.