ಕ್ಯಾಥರೀನ್, ವಯಸ್ಸು ಒಂಬತ್ತು

1915ರ ಜೂನ್ ತಿಂಗಳಲ್ಲಿ ಇಂಗ್ಲೆಂಡಿನ ಫ್ರಾಂಕ್ ಬ್ರಿಜ್ ಬರೀ ತಂತಿವಾದ್ಯಗಳಿಗೆಂದು ಒಂದು ಪುಟ್ಟ ಕೃತಿ ರಚಿಸಿದರು. ಅದರ ಹೆಸರು ‘ಲಮೆಂಟ್’. ಸತ್ತವರಿಗಾಗಿ ಅಳುವ ಹಾಡು. ಅರ್ಪಣೆ ಹೀಗಿದೆ: ಕ್ಯಾಥರೀನ್, ವಯಸ್ಸು ಒಂಬತ್ತು, ಲುಸಿಟೇನಿಯ 1915. ಮನೆತನದ ಹೆಸರಿಲ್ಲ, ಬಿರುದು ಬಾವಲಿಯಿಲ್ಲ. ಆಗಿನವರಿಗೆ ಹಡಗಿನ ಹೆಸರೊಂದೇ ಸಾಕಿತ್ತು.

ಲುಸಿಟೇನಿಯ ನ್ಯೂಯಾರ್ಕಿನಿಂದ ಲಿವರ್‌ಪೂಲಿಗೆ ಹೊರಟಿದ್ದ ಪ್ರಯಾಣಿಕರ ಹಡಗು. ಮೊದಲನೆಯ ಮಹಾಯುದ್ಧ ನಡೆಯುತ್ತಿದ್ದ ಆ ಮೇ 7ರಂದು ಐರ್ಲೆಂಡಿನ ದಕ್ಷಿಣ ಕರಾವಳಿಯ ಬಳಿ ಜರ್ಮನ್ ಜಲಾಂತರ್ಗಾಮಿಯೊಂದು ಅದಕ್ಕೆ ಟಾರ್ಪಿಡೊ ಹೊಡೆಯಿತು. ಅಷ್ಟು ದೊಡ್ಡ ಹಡಗು ಹದಿನೆಂಟೇ ನಿಮಿಷದಲ್ಲಿ ಮುಳುಗಿತು. ಸತ್ತವರು ಸುಮಾರು 1200 ಮಂದಿ. ಕ್ಯಾಥರೀನ್ ಕ್ರಾಂಪ್ಟನ್, ಅವಳ ಅಪ್ಪ, ಅಮ್ಮ, ಐವರು ಒಡಹುಟ್ಟಿದವರು ಎಲ್ಲರೂ ಆ ಹಡಗಿನಲ್ಲಿದ್ದರು. ಒಬ್ಬರೂ ಉಳಿಯಲಿಲ್ಲ.

ಬ್ರಿಟನ್ ದೇಶವೆಲ್ಲ ಕೆರಳಿತು. ಲಿವರ್‌ಪೂಲ್, ಲಂಡನ್ನುಗಳಲ್ಲಿ ಜರ್ಮನ್ ಹೆಸರಿನ ಅಂಗಡಿಗಳನ್ನು ಜನ ಒಡೆದು ಲೂಟಿ ಮಾಡಿದರು. ಸೈನ್ಯಕ್ಕೆ ಸೇರಿ ಎನ್ನುವ ಭಿತ್ತಿಪತ್ರಗಳಲ್ಲಿ ಮುಳುಗುವ ಹಡಗು ಕಾಣಿಸಿಕೊಂಡಿತು. ಸತ್ತ ಮಕ್ಕಳು ಸೇಡಿನ ಲೆಕ್ಕಕ್ಕೆ ಸೇರಿದರು. ಬ್ರಿಜ್ ಯುದ್ಧವನ್ನೇ ಒಪ್ಪದ ಮನುಷ್ಯ. ಅವರ ಕೃತಿಯಲ್ಲಿ ಹಡಗೂ ಇಲ್ಲ, ಶತ್ರುವೂ ಇಲ್ಲ; ಒಂದು ಮಗು ಮಾತ್ರ ಇದೆ.

ತಂತಿವಾದ್ಯಗಳ ಶೋಕಗೀತೆ ಇಂಗ್ಲೆಂಡಿಗೆ ಹೊಸದೇನಲ್ಲ. ಎಡ್ವರ್ಡ್ ಎಲ್ಗರ್ 1909ರಲ್ಲೇ ಲಂಡನ್ನಿನ ಸಂಗೀತಗಾರರ ಹಳೆಯ ಸಂಘವೊಂದರ ಪದಾಧಿಕಾರಿ ತೀರಿಕೊಂಡಾಗ ‘ಎಲಿಜಿ’ ಬರೆದಿದ್ದರು. ನಾಲ್ಕೈದು ನಿಮಿಷದ, ಬಹಳ ಘನವಾದ ರಚನೆ. ಆದರೆ ಅದು ಸಭೆಯ ಪರವಾಗಿ ಸಲ್ಲಿಸಿದ ಗೌರವ. ಬ್ರಿಜ್ ಅವರದು ಮನೆಯೊಳಗಿನ ದುಃಖ. ಎಲ್ಗರ್ ಪಿಟೀಲು ಕಲಿಸಿ ಬದುಕಿದವರು, ಬ್ರಿಜ್ ವಿಯೋಲಾ ನುಡಿಸುತ್ತಿದ್ದವರು. ವಿಯೋಲಾ ಪಿಟೀಲಿಗಿಂತ ಕೊಂಚ ದೊಡ್ಡದು, ದನಿಯೂ ತಗ್ಗು. ವಾದ್ಯವೃಂದದ ನಡುವೆ ಕುಳಿತು ಎರಡೂ ಕಡೆ ಕೇಳಿಸಿಕೊಂಡವರ ಕೈ ‘ಲಮೆಂಟ್’‌ನಲ್ಲಿ ಗೊತ್ತಾಗುತ್ತದೆ. ಮೇಲಿನ ರಾಗಕ್ಕಿಂತ ಒಳಗಿನ ದನಿಗಳೇ ಹೆಚ್ಚು ನೋಯುತ್ತವೆ. ನನಗಂತೂ ಅದು ಜೋಗುಳದಂತೆ ಕೇಳಿಸುತ್ತದೆ; ಜೋಗುಳವೆಂದು ಅವರು ಎಲ್ಲೂ ಬರೆದಿಲ್ಲ. (ಇದೇ ಹೆಸರಿನಲ್ಲಿ ಎರಡು ವಿಯೋಲಾಗಳಿಗೆ ಅವರು ಮೊದಲೇ ಬರೆದ ಬೇರೊಂದು ಕೃತಿಯಿದೆ. ಧ್ವನಿಮುದ್ರಿಕೆ ಹುಡುಕುವವರು ಗಮನಿಸಬೇಕು.)

ಮೊದಲ ಪ್ರಯೋಗ ನಡೆದದ್ದು ಅದೇ ವರ್ಷದ ಸೆಪ್ಟೆಂಬರ್ 15ರಂದು, ಲಂಡನ್ನಿನ ಕ್ವೀನ್ಸ್ ಹಾಲ್‌ನ ಪ್ರಾಮ್ಸ್ ಎಂಬ ಸಂಗೀತೋತ್ಸವದ ಕಛೇರಿಯಲ್ಲಿ. ಅಂದಿನ ಕಾರ್ಯಕ್ರಮವೋ ಜನಪ್ರಿಯ ಇಟಾಲಿಯನ್ ಸಂಗೀತ! ಮೇ ತಿಂಗಳಲ್ಲಷ್ಟೇ ಇಟಲಿ ಬ್ರಿಟನ್ನಿನ ಪಕ್ಷ ಸೇರಿ ಯುದ್ಧಕ್ಕಿಳಿದಿತ್ತು. ಮಿಕ್ಕದ್ದನ್ನೆಲ್ಲ ವಾದ್ಯವೃಂದದ ನಿರ್ದೇಶಕ ಹೆನ್ರಿ ವುಡ್ ನಡೆಸಿದರು, ಇದೊಂದನ್ನು ಬ್ರಿಜ್ ತಾವೇ ನಿಂತು ನಡೆಸಿದರು.

ಮುಂದೆ ಅವರ ಸಂಗೀತ ಬಿರುಸಾಯಿತು. 1918ರಲ್ಲಿ ಫ್ರಾನ್ಸಿನ ರಣರಂಗದಲ್ಲಿ ಸತ್ತ ಸಂಗೀತಕಾರ ಅರ್ನೆಸ್ಟ್ ಫರಾರ್ ನೆನಪಿಗೆ ಬರೆದ ಪಿಯಾನೊ ಸೊನಾಟದಲ್ಲಿ ಸಾಂತ್ವನವೇ ಕಡಿಮೆ. ಹಳೆಯ ಅಭಿಮಾನಿಗಳು ದೂರ ಸರಿದರು. ಬಿಡದೆ ಉಳಿದವನು ಶಿಷ್ಯ ಬೆಂಜಮಿನ್ ಬ್ರಿಟನ್. 1937ರಲ್ಲಿ ಗುರುವಿನ ಒಂದು ಧಾಟಿಯನ್ನೆತ್ತಿಕೊಂಡು ಅವನು ತಂತಿವಾದ್ಯಗಳಿಗೇ ಬರೆದ ಕೃತಿಯಲ್ಲಿ ಒಂದು ಶವಯಾತ್ರೆಯ ನಡೆಯೂ ಇದೆ. 1939ರಲ್ಲಿ ಅವನು ಅಮೆರಿಕಕ್ಕೆ ಹೊರಟಾಗ ಬ್ರಿಜ್ ತಮ್ಮ ವಿಯೋಲಾವನ್ನೇ ಕೊಟ್ಟುಬಿಟ್ಟರು. ಎರಡನೆಯ ಮಹಾಯುದ್ಧದ ನಡುವೆ, 1941ರ ಜನವರಿಯಲ್ಲಿ, ತೀರಿಕೊಂಡರು.

ಆಮೇಲೆ ಬ್ರಿಜ್ ಹೆಸರು ಬಹುಕಾಲ ಮರೆಯಾಗಿತ್ತು. 1970ರ ದಶಕದಲ್ಲಿ ಚಾರ್ಲ್ಸ್ ಗ್ರೋವ್ಸ್ ಅವರ ನಿರ್ದೇಶನದಲ್ಲಿ ‘ಲಮೆಂಟ್’ ಮತ್ತೆ ಧ್ವನಿಮುದ್ರಿಕೆಯಲ್ಲಿ ಕೇಳಿಬಂತು. ನುಡಿಸಿದ್ದು ಲಿವರ್‌ಪೂಲಿನ ವಾದ್ಯವೃಂದ. ಕ್ಯಾಥರೀನಳ ಹಡಗು ಸೇರಬೇಕಿದ್ದ ಬಂದರು ಅದೇ ಊರಿನದು.